ವ್ಯಸನಿಯಾದ ಮಗನೂ ಅವನ ಮನೆಯೂ

1959ರ ಕ್ರಾಂತಿಯ ತರುವಾಯ ಕ್ಯೂಬಾವನ್ನು ತೊರೆದು ಅಮೆರಿಕದ ಮಯಾಮಿ ನಗರದಲ್ಲಿ ನೆಲೆಸಿದ ಸಂಸಾರಗಳಲ್ಲಿ, ಮಕ್ಕಳು ಶಾಲೆಯ ಮೂಲಕ ಹೊಸ ನಾಡಿನ ಭಾಷೆಯನ್ನೂ ನಡೆಯನ್ನೂ ಬಹುಬೇಗನೆ ಮೈಗೂಡಿಸಿಕೊಂಡರು. ತಾಯಿತಂದೆಗಳಾದರೋ ಹಳೆಯ ಮರ್ಯಾದೆಗಳನ್ನೇ ಹಿಡಿದು ನಿಂತರು. ಹೆತ್ತವರು ಬಿಗಿಮಾಡಿದಷ್ಟೂ ಮಗನು ಸಿಡಿದು, ಮಗನು ಸಿಡಿದಷ್ಟೂ ಹೆತ್ತವರು ಬಿಗಿಮಾಡುವ ಈ ಕೊನೆಯಿಲ್ಲದ ಕಲಹದಲ್ಲಿ ಹದಿಹರೆಯದ ಮಾದಕವ್ಯಸನಕ್ಕೆ ಆಸ್ಪದ ದೊರೆಯುತ್ತಿದ್ದುದನ್ನು 1970ರ ದಶಕದಲ್ಲಿ ಮಯಾಮಿ ವಿಶ್ವವಿದ್ಯಾನಿಲಯದ ಹೋಸೆ ಸಪೋಚ್ನಿಕ್ ಮತ್ತು ಅವರ ಸಂಗಡಿಗರು ಗುರುತಿಸಿದರು.

ಅರ್ಜೆಂಟೀನದಲ್ಲಿ ಜನಿಸಿದ ಮನೋವೈದ್ಯ ಸಾಲ್ವಡೋರ್ ಮಿನೂಚಿನ್ ಅವರ ಕುಟುಂಬ ಚಿಕಿತ್ಸೆಯ ಕ್ರಮ ಇವರು ರೂಪಿಸಿದ ಚಿಕಿತ್ಸೆಗೆ ಆಧಾರವಾಯಿತು. ಅಪರಾಧಿಯನ್ನು ಹುಡುಕುವುದು ಇದರ ಉದ್ದೇಶವಲ್ಲ. ಮನೆಯವರು ಪರಸ್ಪರ ವರ್ತಿಸುವ ರೀತಿಯೇ ಇಲ್ಲಿ ಚಿಕಿತ್ಸೆಗೆ ಒಳಗಾಗುವ ವಸ್ತು. ಮಗನನ್ನು ಕೇಳಿದ ಪ್ರಶ್ನೆಗೆ ತಾಯಿ ಉತ್ತರಿಸುವುದನ್ನೂ, ತಂದೆ ಮುಖ ತಿರುಗಿಸಿ ಮೌನವಾಗಿರುವುದನ್ನೂ ಕಣ್ಣಾರೆ ಕಂಡ ಚಿಕಿತ್ಸಕನು, "ಮನಸ್ಸಿನಲ್ಲಿರುವುದನ್ನು ನನಗಲ್ಲ, ನಿಮ್ಮ ಮಗನಿಗೇ ಹೇಳಿ" ಎಂದು ತಂದೆಯನ್ನು ಮಗನ ಕಡೆಗೆ ತಿರುಗಿಸುತ್ತಾನೆ. ಶಿಸ್ತಿನ ವಿಷಯದಲ್ಲಿ ದಂಪತಿಗಳು ಒಂದೇ ಮಾತಿಗೆ ಬರುವಂತೆ ಅಲ್ಲಿಯೇ ಅಭ್ಯಾಸ ಮಾಡಿಸುತ್ತಾನೆ. ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ಇದು ಮುಗಿಯುತ್ತದೆ.

ಆದರೆ ಮನೆಮಂದಿಯೆಲ್ಲ ಚಿಕಿತ್ಸಾಲಯಕ್ಕೆ ಬರುವುದೆಂತು? ಬಾರದವರನ್ನು ಆಸಕ್ತಿಯಿಲ್ಲದವರೆಂದು ಕೈಬಿಡುವುದೇ ರೂಢಿಯಾಗಿದ್ದಾಗ, ಮನೆಯವರನ್ನು ಮಣಿಯಗೊಡದ ಆ ಹಟವೂ ಮನೆಯ ವ್ಯಾಧಿಯ ಲಕ್ಷಣವೇ, ಆದುದರಿಂದ ಚಿಕಿತ್ಸೆ ಮೊದಲ ದೂರವಾಣಿ ಕರೆಯಿಂದಲೇ ಆರಂಭವಾಗಬೇಕೆಂದು ಸಪೋಚ್ನಿಕ್ ಬಳಗ ನಿಶ್ಚಯಿಸಿತು. ಬಾರೆನೆಂಬ ಮಗನನ್ನಾಗಲಿ, ಬೇಸತ್ತ ತಂದೆಯನ್ನಾಗಲಿ ಚಿಕಿತ್ಸಕನೇ ಸಂಧಿಸಿ ಒಲಿಸತೊಡಗಿದನು. 108 ಕುಟುಂಬಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕರೆಯಲ್ಪಟ್ಟ ಕುಟುಂಬಗಳಲ್ಲಿ ಶೇಕಡಾ 93 ಚಿಕಿತ್ಸೆಗೆ ಸೇರಿದವು. ವಾಡಿಕೆಯಂತೆ ಕರೆಯಲ್ಪಟ್ಟವುಗಳಲ್ಲಿ ಸೇರಿದವು ಶೇಕಡಾ 42 ಮಾತ್ರ. ನನ್ನ ಎಣಿಕೆಯಲ್ಲಿ ಈ ಶಾಸ್ತ್ರದ ಅತ್ಯಂತ ಮಾನವೀಯವಾದ ಶೋಧನೆ ಇದೇ.

ಇದೊಂದೇ ದಾರಿಯೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಗಾಂಜಾ ಸೇವಿಸುತ್ತಿದ್ದ 600 ಮಂದಿ ಕಿಶೋರರಿಗೆ, ಕುಟುಂಬ ಚಿಕಿತ್ಸೆಯೂ ಸೇರಿದಂತೆ ಐದು ವಿಧದ ಚಿಕಿತ್ಸೆಗಳನ್ನಿತ್ತು ಅಮೆರಿಕದಲ್ಲಿ ಪರೀಕ್ಷಿಸಿದಾಗ, 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐದರ ಪರಿಣಾಮವೂ ಹೆಚ್ಚುಕಡಿಮೆ ಸಮವಾಗಿಯೇ ಕಂಡಿತು. ಮನೆಯವರೆಲ್ಲರೂ ಬರಲೇಬೇಕೆಂಬ ನಿಯಮವನ್ನು ಸಪೋಚ್ನಿಕ್ ಅವರೇ ಪರೀಕ್ಷೆಗೊಡ್ಡಿದ್ದರು: ಒಬ್ಬನೇ ಬಂದಾಗಲೂ ಅವನ ಮೂಲಕ ಮನೆಯ ನಡವಳಿಕೆಯನ್ನು ತಿದ್ದಲೆತ್ನಿಸುವ ಕ್ರಮವೊಂದನ್ನು ಅವರು 1980ರ ದಶಕದಲ್ಲಿಯೇ ರೂಪಿಸಿದರು.