ಅಮಾಸೆಯ ಕತ್ತಲೂ ಬಚ್ಚಲ ಗಾಳಿಯೂ

ದೀಪಾವಳಿ ಅಮಾಸೆ ಹತ್ತಿರ ಬಂತೆಂದರೆ ನಮ್ಮಜ್ಜಿಗೆ ಎಲ್ಲಿಲ್ಲದ ಭಯ. “ಹೊತ್ತು ಮುಳುಗಿದ ಮೇಲೆ ಹುಣಸೇಮರದ ಕಡೆ ಹೋಗಬೇಡ್ರೇ, ಗಾಳಿ ಸೋಕೀತು” ಎನ್ನುತ್ತಾ ಗುಬ್ಬಿಯ ಮನೆಯ ಹಿತ್ತಲ ಬಾಗಿಲಿಗೆ ಅಗಳಿ ಹಾಕಿಬಿಡುತ್ತಿದ್ದರು. ನಮ್ಮ ತುಮಕೂರು ಸೀಮೆಯಲ್ಲಿ ಹುಣಸೇಮರಕ್ಕೇನು ಬರವೇ? ಹಾಗಾಗಿ ದೆವ್ವಗಳಿಗೂ ಬರವಿರಲಿಲ್ಲ! ಆ ಗಾಳಿ ಯಾರಿಗೂ ಸೋಕಿದ್ದನ್ನು ನಾನಂತೂ ಕಾಣೆ. ಆದರೆ ಹಬ್ಬದಲ್ಲಿ ನಿಜವಾಗಿಯೂ ಸೋಕುವ ಗಾಳಿಯೊಂದಿದೆ. ಅದು ಇರುವುದು ಮರದ ಮೇಲಲ್ಲ, ನಿಮ್ಮ ಬಚ್ಚಲುಮನೆಯಲ್ಲಿ.

ನೀರು ತುಂಬುವ ಹಬ್ಬಕ್ಕೆ ಹಂಡೆ ಉಜ್ಜಿ, ರಂಗೋಲಿ ಬಳಿದು, ಬಳ್ಳಿ ಸುತ್ತುತ್ತಿದ್ದ ಕಾಲ ಹೋಯಿತು. ಈಗ ಬಹಳ ಮನೆಗಳಲ್ಲಿ ಗ್ಯಾಸ್ ಗೀಸರ್. ನರಕ ಚತುರ್ದಶಿಯ ಬೆಳಗಿನ ಜಾವ, ಕುಣಿಗಲ್‌ನಿಂದ ಬಂದ ಅತ್ತಿಗೆ, ಮಕ್ಕಳು, ಮನೆಯವರು ಎಲ್ಲರಿಗೂ ಸಾಲಾಗಿ ಎಣ್ಣೆಸ್ನಾನ. ಹೊರಗೆ ಚಳಿ, ಕಿಟಕಿ ಬಾಗಿಲು ಭದ್ರ. ಒಬ್ಬರಾದ ಮೇಲೆ ಒಬ್ಬರಂತೆ ಗೀಸರ್ ಉರಿಯುತ್ತಲೇ ಇರುತ್ತದೆ. ಗ್ಯಾಸು ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. “ಎಣ್ಣೆಸ್ನಾನ ಅಲ್ವೇ, ಪಿತ್ತ ಕೆದರಿದೆ” ಎಂದುಕೊಳ್ಳುವಷ್ಟರಲ್ಲಿ ಒಳಗಿದ್ದವರು ಕುಸಿದುಬಿಟ್ಟಿರುತ್ತಾರೆ. ಅಗಳಿ ಒಳಗಿನಿಂದ ಹಾಕಿದೆ!

ಗೀಸರ್ ಬಚ್ಚಲಿನ ಹೊರಗಿರಬೇಕು. ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಲಿ. ಇಬ್ಬರ ನಡುವೆ ಸ್ವಲ್ಪ ಹೊತ್ತು ಬಚ್ಚಲಿಗೆ ಗಾಳಿಯಾಡಲಿ. ಮಕ್ಕಳೂ ವಯಸ್ಸಾದವರೂ ಅಗಳಿ ಹಾಕಿಕೊಳ್ಳುವುದು ಬೇಡ. ಯಾರಾದರೂ ಬಿದ್ದರೆ ತಕ್ಷಣ ಗ್ಯಾಸ್ ಆರಿಸಿ, ಬಾಗಿಲು ತೆಗೆದು, ಬಯಲಿಗೆ ಎಳೆತಂದು 108ಕ್ಕೆ ಫೋನ್ ಮಾಡಿ. ಮೂಗಿಗೆ ಈರುಳ್ಳಿ ಹಿಡಿದು ಹೊತ್ತು ಕಳೆಯಬೇಡಿ. ಅಂದಹಾಗೆ, ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಬಟ್ಟಲು ಇಡುತ್ತೀರಲ್ಲ, ಅಲ್ಲಿಯೂ ಹುಟ್ಟುವುದು ಇದೇ ಅನಿಲ.

ಮಕ್ಕಳ ನೀರು ತೋಡುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಒಂದು ಅಭ್ಯಾಸಕ್ಕೆ ಖರ್ಚೇನೂ ಇಲ್ಲ.

ಇನ್ನು ಸಂಜೆಯ ಪಟಾಕಿ. ಬೇಡವೆಂದರೆ ಮಕ್ಕಳು ಕೇಳುವುದಿಲ್ಲ, ಮಕ್ಕಳ ಅಪ್ಪಂದಿರಂತೂ ಮೊದಲೇ ಕೇಳುವುದಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯ ಮಿತಿ ಹಾಕಿ, ಹಸಿರು ಪಟಾಕಿಯಷ್ಟೇ ಇರಲಿ ಎಂದಿತು. ಹಸಿರೆಂದ ಮಾತ್ರಕ್ಕೆ ಸುಡುವುದಿಲ್ಲವೆಂದಲ್ಲ. ‘ಪಾಪ, ಚಿಕ್ಕವನು’ ಎಂದು ಕೈಗೆ ಕೊಡುವ ಸುರುಸುರು ಬತ್ತಿಯ ತುದಿ ಸಾವಿರ ಡಿಗ್ರಿಯವರೆಗೂ ಕಾದಿರುತ್ತದೆ.

ನಾನೂ ಜಾಣೆಯೇನಲ್ಲ ಕಣ್ರೀ. ಒಂದು ವರ್ಷ ಉರಿದು ಬಿಸಾಡಿದ ಬತ್ತಿಯ ಕಡ್ಡಿಯನ್ನು ಮಗ ತುಳಿದ. ಗಾಬರಿಯಲ್ಲಿ ಅಂಗಾಲಿಗೆಲ್ಲ ಟೂತ್‌ಪೇಸ್ಟ್ ಮೆತ್ತಿದೆ. ಡಾಕ್ಟರು ಅದನ್ನು ಕೆರೆದು ತೆಗೆಯುವಾಗ ಅವನು ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಸುಟ್ಟ ಜಾಗವನ್ನು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು, ಅಷ್ಟೇ. ಇಂಕು, ಅರಿಶಿನ, ಕಾಫಿಪುಡಿ, ಐಸು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಅಂದಿನಿಂದ ನಮ್ಮ ಅಂಗಳದಲ್ಲಿ ಒಂದು ಬಕೆಟ್ ನೀರು ಖಾಯಂ. ಉರಿದ ಕಡ್ಡಿಯೆಲ್ಲ ಅದರೊಳಕ್ಕೆ. ಎಲ್ಲರ ಕಾಲಿಗೂ ಚಪ್ಪಲಿ, ಮೈಗೆ ಹತ್ತಿ ಬಟ್ಟೆ. ನೈಲಾನ್ ಲಂಗ ಎಷ್ಟೇ ಚೆಂದವಿದ್ದರೂ ಅವತ್ತು ಪೆಟ್ಟಿಗೆಯಲ್ಲೇ ಇರಲಿ.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು, ಹರಳೆಣ್ಣೆ ಬಿಡಬಾರದು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ತುಮಕೂರಿನ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಆ ರಾತ್ರಿಯೇ ಕರೆದೊಯ್ಯಿರಿ. ಹಬ್ಬ ಮುಗಿಯಲೆಂದು ಕಾಯಬೇಡಿ. ಪೈಪಿನೊಳಗೆ ಕಾರ್ಬೈಡ್ ಹಾಕಿ ಸಿಡಿಸುವ ‘ಗನ್’ ಅನ್ನಂತೂ ಮನೆಗೇ ಸೇರಿಸಬೇಡಿ. 2025ರ ದೀಪಾವಳಿಯಲ್ಲಿ ಭೋಪಾಲಿನಲ್ಲಿ ಎಷ್ಟೋ ಮಕ್ಕಳ ಕಣ್ಣಿಗೆ ಇದರಿಂದ ಗಾಯವಾಯಿತು.

ಗುಬ್ಬಿ ಕಡೆಯ ತೋಟದ ಮನೆಯವರಿಗೆ ಇನ್ನೊಂದು ಮಾತು. ಹಿತ್ತಲಲ್ಲಿ ಒಣ ಸೋಗೆ, ಮಟ್ಟೆಯ ರಾಶಿ. ಅಟ್ಟದ ಮೇಲೆ ವರ್ಷದ ಕೊಬ್ಬರಿ. ಒಂದು ರಾಕೆಟ್ ದಾರಿ ತಪ್ಪಿದರೆ ಸಾಕು. ರಾಕೆಟ್ ತರಲೇಬೇಡಿ. ದನಗಳನ್ನು ಸದ್ದಿನಿಂದ ದೂರ ಕಟ್ಟಿ.

ಕಜ್ಜಾಯ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕುವುದಲ್ಲ. ಸ್ಟೌ ಆರಿಸಿ ಅಗಲವಾದ ತಟ್ಟೆ ಮುಚ್ಚಿ.

ಪಾಕಕ್ಕೆ ಬೆಲ್ಲ ಒಡೆಯುವ ಮೊದಲು ಒಮ್ಮೆ ಬಚ್ಚಲಿಗೆ ಹೋಗಿ ನೋಡಿ ಬನ್ನಿ. ಹೋದ ಚಳಿಗಾಲದಲ್ಲಿ ಗವಾಕ್ಷಿಗೆ ತುರುಕಿದ ರಟ್ಟು ಇನ್ನೂ ಅಲ್ಲೇ ಇದೆಯೇ?