ನಾಡಿನ ಸಿರಿ ಬೆಳೆಯುವ ಬಗೆ

ಒಂದು ದೇಶ ಸಿರಿವಂತವಾಗಿರಲು ಕಾರಣವೇನು? ಮತ್ತೊಂದು ದೇಶ ಬಡತನದಲ್ಲಿ ತೊಳಲುವುದೇಕೆ? ಈ ಪ್ರಶ್ನೆಗಳು ವಿಚಾರವಂತರನ್ನು ಬಹುಕಾಲದಿಂದ ಕಾಡಿವೆ. 1776ರಲ್ಲಿ ಆಡಂ ಸ್ಮಿತ್ ರಾಷ್ಟ್ರಗಳ ಸಂಪತ್ತನ್ನು ಕುರಿತು ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ನಮ್ಮವರಾದ ದಾದಾಭಾಯಿ ನವರೋಜಿಯವರು ಭಾರತೀಯನೊಬ್ಬನ ಸರಾಸರಿ ವರಮಾನವನ್ನು ಲೆಕ್ಕ ಹಾಕಿ, ಅದು ವರ್ಷಕ್ಕೆ ಸುಮಾರು 20 ರೂಪಾಯಿ ಮಾತ್ರವೆಂದು ತೋರಿಸಿದರು. ಮುಂದೆ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಶಾಸ್ತ್ರೀಯ ತಳಹದಿಯನ್ನು ಒದಗಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು.

ಆರ್ಥಿಕ ಬೆಳವಣಿಗೆ ಎಂದರೆ ಒಂದು ವರ್ಷದ ಒಳ್ಳೆಯ ಫಸಲಲ್ಲ. ಮಳೆ ಚೆನ್ನಾಗಿ ಆದರೆ ಕಣ ತುಂಬುತ್ತದೆ, ಆಗದಿದ್ದರೆ ಬರಿದಾಗುತ್ತದೆ. ಇದು ಏರಿಳಿತವೇ ಹೊರತು ಬೆಳವಣಿಗೆಯಲ್ಲ. ಒಬ್ಬ ಮನುಷ್ಯನ ದುಡಿಮೆಯಿಂದ ಹುಟ್ಟುವ ಸಂಪತ್ತು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋಗುವುದೇ ನಿಜವಾದ ಬೆಳವಣಿಗೆ. ಇದರ ಗತಿ ನಿಧಾನವಾದುದು. ಆದರೆ ಪರಿಣಾಮ ಅಪಾರವಾದುದು. ನೂರು ರೂಪಾಯಿ ವರಮಾನವು ವರ್ಷಕ್ಕೆ ಶೇಕಡಾ 1ರಂತೆ ಬೆಳೆದರೆ ನೂರು ವರ್ಷಗಳಲ್ಲಿ ಸುಮಾರು 270 ರೂಪಾಯಿ ಆಗುತ್ತದೆ. ಶೇಕಡಾ 3ರಂತೆ ಬೆಳೆದರೆ ಅದೇ ಅವಧಿಯಲ್ಲಿ ಸುಮಾರು 1,900 ರೂಪಾಯಿ ಆಗುತ್ತದೆ. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯ ಅರ್ಥವನ್ನು ಈ ಲೆಕ್ಕ ಮನಗಾಣಿಸುತ್ತದೆ. ಈ ಸಣ್ಣ ಅಂತರವೇ ಕಾಲಾನಂತರದಲ್ಲಿ ದೇಶದೇಶಗಳ ನಡುವಿನ ದೊಡ್ಡ ಕಂದಕವಾಗುತ್ತದೆ. 1960ರ ಸುಮಾರಿಗೆ ಬಡದೇಶಗಳ ಸಾಲಿನಲ್ಲಿದ್ದ ದಕ್ಷಿಣ ಕೊರಿಯ ಎರಡು ತಲೆಮಾರುಗಳಲ್ಲಿ ಸಿರಿವಂತ ರಾಷ್ಟ್ರವಾದದ್ದು ಹೀಗೆಯೇ.

ಈ ತತ್ತ್ವವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಧಾರವಾಡ ಸೀಮೆಯ ಚರಿತ್ರೆಯೇ ಒಂದು ಪಾಠಶಾಲೆಯಾಗಿದೆ. ಇಲ್ಲಿಯ ಎರೆಭೂಮಿಯ ಹತ್ತಿ ಘಟ್ಟವನ್ನಿಳಿದು ಕುಮಟಾ ಬಂದರಿನಿಂದ ಹಡಗನ್ನೇರುತ್ತಿತ್ತು. ಆ ಕಾರಣದಿಂದಲೇ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರು ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಇಲ್ಲಿಯ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಹತ್ತು ವರ್ಷ ಕಳೆದ ಮೇಲೆ ಧಾತು, ಈಶ್ವರ ಸಂವತ್ಸರಗಳ ಘೋರ ಬರ, ಎಂದರೆ 1876ರಿಂದ 1878ರವರೆಗಿನ ಕ್ಷಾಮ, ಬಂದೆರಗಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಇಳಿದುಹೋಯಿತು. ಬೆಲೆಯೇರಿಕೆಯಿಂದ ಬಂದ ಹಣವು ಜನರ ಬಾಳಿಗೆ ಬುನಾದಿಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಬುನಾದಿ ಯಾವುದು? ಮೊದಲನೆಯದು ಸಂಪರ್ಕ. ಕ್ಷಾಮದ ಕಾಲದಲ್ಲಿ ಮೇವಿಲ್ಲದೆ ಎತ್ತುಗಳೂ ಸಾಯತೊಡಗಿದಾಗ ಧಾನ್ಯವನ್ನು ಸಾಗಿಸುವುದೇ ದುಸ್ತರವಾಯಿತು. ಈ ಅನುಭವದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಗೊಂಡು, ಈ ಸೀಮೆಗೆ ರೈಲು ಬಂದಿತು; ಹುಬ್ಬಳ್ಳಿ ದೊಡ್ಡ ವ್ಯಾಪಾರ ಕೇಂದ್ರವಾಗಿ ಬೆಳೆಯಿತು. ಎರಡನೆಯದು ನಂಬಿಕೆಗೆ ಅರ್ಹವಾದ ಸಂಸ್ಥೆ. 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ತಲೆಯೊಡ್ಡುತ್ತಿದ್ದ ರೈತನಿಗೆ ಇದು ಹೊಸ ದಾರಿಯಾಯಿತು. ಮೂರನೆಯದು ಜ್ಞಾನ. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿಯ ತಳಿಯನ್ನು ನೀಡಿದರು. ನೆಲ ಅದೇ, ಬೆವರೂ ಅದೇ. ಬೀಜದಲ್ಲಿ ಅಡಗಿದ್ದ ವಿದ್ಯೆ ಮಾತ್ರ ಹೊಸದು.

ವಿದ್ವಾಂಸರ ಅಧ್ಯಯನಗಳು ಈ ಮಾತನ್ನು ಸಮರ್ಥಿಸುತ್ತವೆ. ದುಡಿಮೆಗಾರನೊಬ್ಬನ ಉತ್ಪನ್ನದ ಏರಿಕೆಗೆ ಬಂಡವಾಳಕ್ಕಿಂತ ತಾಂತ್ರಿಕ ಪ್ರಗತಿಯೇ ಹೆಚ್ಚಿನ ಕಾರಣವೆಂದು ರಾಬರ್ಟ್ ಸೋಲೋ 1957ರಲ್ಲಿ ಅಮೆರಿಕದ ಅಂಕಿಅಂಶಗಳಿಂದ ತೋರಿಸಿದನು. ಸಂಸ್ಥೆಗಳ ಮಹತ್ತ್ವವನ್ನು ನಿರೂಪಿಸಿದ ಮೂವರಿಗೆ 2024ರಲ್ಲಿಯೂ, ಹೊಸ ಶೋಧಗಳಿಂದಾಗುವ ಬೆಳವಣಿಗೆಯನ್ನು ವಿವರಿಸಿದ ಮೂವರಿಗೆ 2025ರಲ್ಲಿಯೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ವರಮಾನ ಬೆಳೆದ ಮಾತ್ರಕ್ಕೆ ನಾಡು ಅಭಿವೃದ್ಧಿ ಹೊಂದಿತೆಂದು ಹೇಳಲಾಗದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಅಲ್ಲಿ ಮಾರಾಟವಾದ ತೊಟ್ಟಿಲಿನ ಬೆಲೆ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲಿ ಮಲಗಿದ ಮಗು ಆರೋಗ್ಯದಿಂದ ಬೆಳೆಯಿತೇ, ಶಾಲೆಯ ಮೆಟ್ಟಿಲು ಹತ್ತಿತೇ, ಹೆಣ್ಣುಮಗುವಾಗಿದ್ದರೆ ಅದರ ಓದು ನಡುವೆಯೇ ನಿಂತಿತೇ ಎಂಬುದು ಆ ಲೆಕ್ಕದಲ್ಲಿ ಕಾಣದು. ಈ ಕೊರತೆಯನ್ನು ನೀಗುವ ಸಲುವಾಗಿ 1990ರಿಂದ ವಿಶ್ವಸಂಸ್ಥೆಯು ವರಮಾನದೊಡನೆ ಆಯುಷ್ಯವನ್ನೂ ಶಿಕ್ಷಣವನ್ನೂ ಸೇರಿಸಿ ಮಾನವ ಅಭಿವೃದ್ಧಿಯನ್ನು ಅಳೆಯತೊಡಗಿತು. ನಮ್ಮ ರಾಜ್ಯದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿತು. ಒಂದೇ ರಾಜ್ಯದೊಳಗೆ ಸಿರಿಯೂ ಬಡತನವೂ ಅಕ್ಕಪಕ್ಕದಲ್ಲಿ ಇರಬಲ್ಲವೆಂಬುದನ್ನು ಸರಾಸರಿಯ ಅಂಕಿ ಮರೆಮಾಚುತ್ತದೆ. ತಾಲ್ಲೂಕಿನ ಲೆಕ್ಕ ಹೊರಗೆಡಹುತ್ತದೆ.

ಶಾಲೆಯನ್ನು ಕಟ್ಟಿದವರು, ಸಂಘವನ್ನು ಸ್ಥಾಪಿಸಿದವರು, ತಳಿಯನ್ನು ಶೋಧಿಸಿದವರು ತಮ್ಮ ದುಡಿಮೆಯ ಪೂರ್ಣಫಲವನ್ನು ಕಣ್ಣಾರೆ ಕಾಣಲಾರರು. ಅದು ಮುಂದಿನ ತಲೆಮಾರಿನ ಪಾಲಿನದು. ಇಂದು ಮಕ್ಕಳ ಓದಿಗೆ, ನೆಲಜಲಗಳ ರಕ್ಷಣೆಗೆ ನಾವು ತೆಗೆದಿಡುವ ಪಾಲು ಎಷ್ಟೆಂಬುದರ ಮೇಲೆ ನಾಳಿನ ನಾಡಿನ ಸಿರಿ ನಿಂತಿದೆ.