ಅಂಗೈಯಗಲದ ರೌಟರ್: ಚಿಕ್ಕದೆಂಬ ಧೈರ್ಯ

ಬಡಗಿಗಳು ಟ್ರಿಮ್ಮರ್ ಎಂದು ಕರೆಯುವ ಕಿರು ರೌಟರಿನ ಮೂಲ ಕೆಲಸ ಸನ್‌ಮೈಕಾ ಅಂಚು ಸವರುವುದು. ಪ್ಲೈವುಡ್ ಮೇಲೆ ಅಂಟಿಸಿದ ಒಂದು ಮಿಲಿಮೀಟರ್ ದಪ್ಪದ ಹಾಳೆ ಹೊರಚಾಚಿದಷ್ಟನ್ನು ಕತ್ತರಿಸಿದರೆ ಅದರ ಪಾಳಿ ಮುಗಿಯುತ್ತಿತ್ತು. ಈಗ ಅದೇ ಯಂತ್ರ ಬಾಗಿಲಿನ ಹಿಂಜಿಗೆ ಜಾಗ ಕೊರೆಯುತ್ತದೆ, ಮೇಜಿನ ಅಂಚನ್ನು ಗುಂಡಗೆ ಮಾಡುತ್ತದೆ, ಕಪಾಟಿನ ಹಿಂಬದಿ ಹಲಗೆ ಕೂರಲು ಗಾಡಿ, ಅಂದರೆ ಉದ್ದನೆಯ ತೋಡು, ತೆಗೆಯುತ್ತದೆ. ಹವ್ಯಾಸಕ್ಕೆ ಮರಗೆಲಸ ಹಿಡಿದವರೂ ಇದನ್ನೇ ಮೊದಲು ಕೊಳ್ಳುವುದುಂಟು. ಅವರ ಲೆಕ್ಕಾಚಾರ ಸರಳ: ದೊಡ್ಡ ರೌಟರ್ ಕಂಡರೆ ಭಯ, ಇದು ಒಂದೇ ಕೈಯಲ್ಲಿ ಹಿಡಿಸುತ್ತದೆ, ಆದ್ದರಿಂದ ಅಪಾಯವೂ ಅಷ್ಟೇ ಚಿಕ್ಕದು. ಈ ಲೆಕ್ಕ ಅರ್ಧ ಸರಿ. ಮೋಟಾರಿನ ಬಲ ಕಡಿಮೆ, ಹಾಕುವ ಬಿಟ್, ಅಂದರೆ ತಿರುಗುತ್ತಾ ಮರ ಕತ್ತರಿಸುವ ಅಲಗು, ಕೂಡ ಸಣ್ಣದು. ಆದರೆ ವೇಗ ಕಡಿಮೆಯಲ್ಲ. ಮಕಿಟಾ 3709 ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ, ಬಾಷ್ ಜಿಕೆಎಫ್ 550 ಮಾದರಿ 33,000. ದೊಡ್ಡ ರೌಟರುಗಳು ಸಾಮಾನ್ಯವಾಗಿ 22ರಿಂದ 25 ಸಾವಿರಕ್ಕೇ ನಿಲ್ಲುತ್ತವೆ. 30,000 ಸುತ್ತಿನಲ್ಲಿ 6 ಮಿಮೀ ಬಿಟ್ಟಿನ ಅಂಚು ಗಂಟೆಗೆ ಸುಮಾರು 34 ಕಿಮೀ ವೇಗದಲ್ಲಿ ಓಡುತ್ತದೆ. ಅದೇ ಯಂತ್ರಕ್ಕೆ 25 ಮಿಮೀ ಅಗಲದ ಬಿಟ್ ಸಿಕ್ಕಿಸಿದರೆ ಅಂಚಿನ ವೇಗ 140 ಕಿಮೀ ದಾಟುತ್ತದೆ. ಇನ್ನು ತೂಕ. ಐದಾರು ಕಿಲೋದ ದೊಡ್ಡ ರೌಟರ್, ಬಿಟ್ ಮರವನ್ನು ಕಚ್ಚಿಕೊಂಡಾಗ ಆ ಜಗ್ಗಾಟವನ್ನು ತನ್ನ ಭಾರದಲ್ಲೇ ಒಂದಷ್ಟು ನುಂಗಿಕೊಳ್ಳುತ್ತದೆ. ಒಂದೂವರೆ ಕಿಲೋದ ಟ್ರಿಮ್ಮರಿಗೆ ಆ ಶಕ್ತಿಯಿಲ್ಲ, ಜಗ್ಗಾಟವೆಲ್ಲ ನೇರ ಮಣಿಕಟ್ಟಿಗೆ ಬರುತ್ತದೆ. ಚಿಕ್ಕದಾದದ್ದರಿಂದಲೇ ಕೆಲವು ಅಪಾಯಗಳು ಹೆಚ್ಚುತ್ತವೆ ಎಂಬುದನ್ನು ಒಪ್ಪಿಕೊಂಡರೆ, ಕೊಳ್ಳುವ ರೀತಿಯೂ ಬಳಸುವ ರೀತಿಯೂ ಬದಲಾಗಬೇಕಾಗುತ್ತದೆ.

ಮೊದಲು ಬದಲಾಗಬೇಕಾದದ್ದು ಯಂತ್ರವನ್ನು ಯಾವ ಕಡೆಯಿಂದ ತಳ್ಳಿದರೂ ನಡೆಯುತ್ತದೆ ಎಂಬ ನಂಬಿಕೆ. ಮೇಲಿನಿಂದ ನೋಡಿದರೆ ಬಿಟ್ ಪ್ರದಕ್ಷಿಣವಾಗಿ ತಿರುಗುತ್ತದೆ. ಹಾಗಾಗಿ ಹಲಗೆಯ ಹೊರ ಅಂಚಿನ ಸುತ್ತ ಯಂತ್ರ ಅಪ್ರದಕ್ಷಿಣವಾಗಿ ಸಾಗಬೇಕು; ಚೌಕಟ್ಟಿನ ಒಳ ಅಂಚಿನಲ್ಲಾದರೆ ಪ್ರದಕ್ಷಿಣವಾಗಿ. ಅಂಚಿನ ಕೆಲಸದಲ್ಲಿ ನೆನಪಿಡಲು ಸುಲಭದ ದಾರಿ: ಯಂತ್ರ ನಿಮ್ಮಿಂದ ಮುಂದಕ್ಕೆ ಹೋಗುವಾಗ ಮರ ಅದರ ಎಡಕ್ಕಿರಬೇಕು. ಆಗ ಬಿಟ್ ಯಂತ್ರವನ್ನು ನಿಮ್ಮ ಕಡೆಗೆ ಒತ್ತುತ್ತದೆ, ನೀವು ಅದಕ್ಕೆದುರಾಗಿ ತಳ್ಳುತ್ತೀರಿ, ಹಿಡಿತ ನಿಮ್ಮದೇ. ದಿಕ್ಕು ತಿರುಗಿಸಿದರೆ ಬಿಟ್ಟಿನ ಹಲ್ಲುಗಳು ಮರದ ಮೇಲೆ ಚಕ್ರದಂತೆ ಉರುಳಿ ಯಂತ್ರವನ್ನು ಮುಂದಕ್ಕೆ ಎಳೆದೊಯ್ಯುತ್ತವೆ. ಇದಕ್ಕೊಂದು ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ನುರಿತ ಬಡಗಿಗಳು ಬೇಕೆಂದೇ ಉಲ್ಟಾ ಓಡಿಸುತ್ತಾರೆ, ಅಂಚು ಸಿಬಿರೇಳದೆ ನುಣುಪಾಗಿ ಬರುತ್ತದೆ. ನಿಜವೇ. ಆದರೆ ಅವರು ತೆಗೆಯುವುದು ಅರ್ಧ ಮಿಲಿಮೀಟರಿನಷ್ಟು ತೆಳು ಪದರ, ಇಲ್ಲವೇ ತೆಳ್ಳನೆಯ ಸನ್‌ಮೈಕಾ. ಎಳೆತದ ಬಲ ಬಿಟ್ ಕಚ್ಚುವ ಮರದ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಹೊನ್ನೆಯ ಹಲಗೆಯಲ್ಲಿ ಐದು ಮಿಲಿಮೀಟರ್ ಆಳಕ್ಕೆ ಇಳಿಸಿ ಅದೇ ಕೈಚಳಕ ತೋರಿಸಲು ಹೊರಟರೆ ಆ ಅನುಭವಿಯ ಕೈಯೂ ಸೋಲುತ್ತದೆ.

ಆಳದ ವಿಷಯ ಬಂದಾಗ ಹೆಚ್ಚಿನವರು ಮೋಟಾರಿನ ಸದ್ದನ್ನು ಅಳತೆಗೋಲಾಗಿ ಹಿಡಿಯುತ್ತಾರೆ: ಸದ್ದು ಕುಗ್ಗದಿದ್ದರೆ ಇನ್ನೂ ಇಳಿಸಬಹುದು ಎಂದು. ಮೋಟಾರಿಗಿಂತ ಮೊದಲು ಸೋಲುವುದು ಬಿಟ್ಟಿನ ಕಾಂಡ. ಟ್ರಿಮ್ಮರಿನ ಬಿಟ್ಟುಗಳ ಶ್ಯಾಂಕ್ 6 ಮಿಮೀ ಅಥವಾ ಕಾಲಿಂಚು, ಅಂದರೆ 6.35 ಮಿಮೀ. ದೊಡ್ಡ ರೌಟರಿನದು ಅರ್ಧ ಇಂಚು. ದುಂಡು ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, ಅಷ್ಟೇ ಉದ್ದದ ಕಾಲಿಂಚಿನ ಶ್ಯಾಂಕ್ ಅಷ್ಟೇ ಬಲಕ್ಕೆ ಅರ್ಧ ಇಂಚಿನದಕ್ಕಿಂತ ಹದಿನಾರು ಪಟ್ಟು ಬಾಗುತ್ತದೆ. ಅದಕ್ಕೇ ಒಂದು ಸಲಕ್ಕೆ ಬಿಟ್ಟಿನ ಅಗಲದ ಅರ್ಧದಷ್ಟು ಆಳ ಸಾಕು. 6 ಮಿಮೀ ಬಿಟ್ಟಿನಲ್ಲಿ ಒಂಬತ್ತು ಮಿಲಿಮೀಟರ್ ಆಳದ ಗಾಡಿ ಬೇಕಾದರೆ ಮೂರು ಸಲ ಓಡಿಸಬೇಕು. ಅಷ್ಟು ಹೊತ್ತು ಎಲ್ಲಿದೆ ಎನ್ನುವವರು, ಒಂದೇ ಏಟಿಗೆ ತೆಗೆದ ಗಾಡಿಯ ಅಲೆಅಲೆಯಾದ ಗೋಡೆಯನ್ನು ಸರಿಮಾಡಲು ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಬಿಟ್ ಹಿಡಿಯುವ ಕಾಲೆಟ್ಟಿನ ವಿಷಯದಲ್ಲಿ ಎರಡು ತಪ್ಪುಗಳು ಒಟ್ಟಿಗೇ ನಡೆಯುತ್ತವೆ. 6 ಮತ್ತು 6.35ರ ನಡುವಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ಆದ್ದರಿಂದ ಎರಡೂ ಒಂದೇ ಎಂದುಕೊಳ್ಳುವುದು ಮೊದಲನೆಯದು. ಕಾಲಿಂಚಿನ ಕಾಲೆಟ್ಟಿನಲ್ಲಿ 6 ಮಿಮೀ ಶ್ಯಾಂಕ್ ಹಾಕಿ ನಟ್ ಬಿಗಿದರೆ ಕೈಗೆ ಗಟ್ಟಿಯಾದಂತೆಯೇ ತೋರುತ್ತದೆ. ಓಡುವಾಗ ನಡುಕಕ್ಕೆ ಮೆಲ್ಲನೆ ಜಾರಿ ಗಾಡಿಯ ಆಳ ಬೆಳೆಯುತ್ತಾ ಹೋಗುತ್ತದೆ, ಕೊನೆಗೆ ಬಿಟ್ ಕಳಚಿಯೂ ಬರಬಹುದು. ಎರಡನೆಯದು, ಬಿಟ್ಟನ್ನು ತಳಮುಟ್ಟ ಒತ್ತಿ ಬಿಗಿದರೆ ಭದ್ರ ಎಂಬ ನಂಬಿಕೆ. ನಟ್ ಬಿಗಿಯುವಾಗ ಕಾಲೆಟ್ ಶ್ಯಾಂಕನ್ನೂ ಸೇರಿಸಿಕೊಂಡು ಒಳಗೆ ಸರಿಯುತ್ತದೆ. ಶ್ಯಾಂಕ್ ಆಗಲೇ ತಳ ತಾಗಿದ್ದರೆ ಸರಿಯಲು ಜಾಗವಿಲ್ಲದೆ ಹಿಡಿತ ಅರ್ಧಕ್ಕೇ ನಿಲ್ಲುತ್ತದೆ. ತಳ ತಾಗಿಸಿ, ಎರಡು-ಮೂರು ಮಿಲಿಮೀಟರ್ ಮೇಲೆತ್ತಿ, ಆಮೇಲೆ ಬಿಗಿಯಬೇಕು. ಬಿಟ್ ಇಲ್ಲದ ಕಾಲೆಟ್ಟನ್ನು ಬಿಗಿದಿಡಬಾರದು, ಅದರ ಸೀಳುಗಳು ಕುಗ್ಗಿ ಹಾಳಾಗುತ್ತವೆ. ಇದೆಲ್ಲ ಪ್ಲಗ್ ಕಿತ್ತ ಮೇಲಿನ ಕೆಲಸ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆದ ಮೇಲೆ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಎಷ್ಟು ವ್ಯಾಟ್ ಎಂಬುದು. ವ್ಯಾಟ್ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಇಲ್ಲಿ ಹೆಚ್ಚು ಅರ್ಥವಿಲ್ಲ, ಏಕೆಂದರೆ ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನದು, ಬಿಟ್ಟಿಗೆ ದಕ್ಕುವ ಬಲದ್ದಲ್ಲ. ಒಂದು ಸಲಕ್ಕೆ ಮೂರು ಮಿಲಿಮೀಟರ್ ತೆಗೆಯುವವನಿಗೆ 530 ವ್ಯಾಟ್ ಧಾರಾಳ. ಹೆಚ್ಚು ಹಣ ತೆರಬೇಕಾದದ್ದು ವೇಗ ಬದಲಿಸುವ ಗುಂಡಿಗೆ. ಮಕಿಟಾದ ಆರ್‌ಟಿ0700ಸಿ 10,000ದಿಂದ 30,000ದವರೆಗೆ ಹೊಂದಿಸಿಕೊಳ್ಳುತ್ತದೆ. ಅಗಲದ ಬಿಟ್ ಹಾಕುವವರಿಗೆ ಇದು ಬೇಕೇಬೇಕು. ಮರ ಕಪ್ಪಾಗಿ ಸುಟ್ಟರೆ ವೇಗ ಹೆಚ್ಚಾಯಿತೆಂದು ಬೆದರಿ ಇನ್ನೂ ನಿಧಾನವಾಗಿ ತಳ್ಳುವುದು ಮತ್ತೊಂದು ರೂಢಿ. ಎರಡು ಹಲ್ಲಿನ ಬಿಟ್ 30,000 ಸುತ್ತಿನಲ್ಲಿ ನಿಮಿಷಕ್ಕೆ 60,000 ಬಾರಿ ಕಚ್ಚುತ್ತದೆ. ನಿಮಿಷಕ್ಕೆ ಮೂರು ಮೀಟರ್ ಸಾಗಿದರೆ ಪ್ರತಿ ಕಚ್ಚಿಗೆ 0.05 ಮಿಮೀ ಮರ. ಒಂದು ಮೀಟರಿಗೆ ಇಳಿದರೆ 0.017. ಅಷ್ಟು ತೆಳು ಪದರದಲ್ಲಿ ಹಲ್ಲು ಕತ್ತರಿಸುವುದನ್ನು ಬಿಟ್ಟು ತಿಕ್ಕತೊಡಗುತ್ತದೆ, ತಿಕ್ಕಿದಲ್ಲಿ ಸುಡುತ್ತದೆ. ಆಳ ಕಡಿಮೆ ಮಾಡಿ, ತಳ್ಳುವುದನ್ನು ತಡವರಿಸದೆ ಮುಂದುವರಿಸಿದರೆ ಕಪ್ಪು ಗೆರೆ ಕಡಿಮೆಯಾಗುತ್ತದೆ. ಆಗಲೂ ಸುಟ್ಟರೆ ಬಿಟ್ ಮೊಂಡಾಗಿದೆ ಎಂದರ್ಥ. ಸಾಗುವಾನಿಯಲ್ಲಿರುವ ಸಿಲಿಕಾ ಮತ್ತು ಪ್ಲೈವುಡ್ಡಿನ ಅಂಟು ಸಾಧಾರಣ ಉಕ್ಕಿನ ಬಿಟ್ಟನ್ನು ಬೇಗ ತಿಂದುಹಾಕುತ್ತವೆ. ಇವುಗಳಿಗೆ ಕಾರ್ಬೈಡ್ ತುದಿಯದೇ ಬೇಕು.

ಎರಡು ಪಿನ್ನಿನ ಪ್ಲಗ್ ನೋಡಿ ಅರ್ತಿಂಗ್ ಇಲ್ಲದ ಕಳಪೆ ಮಾಲು ಎನ್ನುವವರಿದ್ದಾರೆ. ಹೆಸರಿನ ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಜೋಡಿ ಇನ್ಸುಲೇಷನ್ನಿನ ಯಂತ್ರ, ಅರ್ತ್ ತಂತಿ ಬೇಡದಂತೆಯೇ ಮಾಡಿದ್ದು. ಇದಕ್ಕಿಂತ ಚಿಂತಿಸಬೇಕಾದದ್ದು ಕೈಗವಸು. ಉಳಿ, ಗರಗಸಗಳಿಗೆ ಸರಿಹೋಗುವ ಕೈಗವಸು ತಿರುಗುವ ಬಿಟ್ಟಿನ ಹತ್ತಿರ ತಿರುಗುಮುರುಗು: ಅದರ ಎಳೆಯೊಂದು ಸಿಕ್ಕಿದರೆ ಬರಿ ಚರ್ಮ ಗಾಯವಾಗುವ ಬದಲು ಕೈಯೇ ಒಳಗೆ ಎಳೆದುಹೋಗುತ್ತದೆ. ಮಣಿಕಟ್ಟಿಗೆ ಕಟ್ಟಿದ ದೇವಸ್ಥಾನದ ದಾರಕ್ಕೂ, ಇಳಿಬಿಟ್ಟ ತೋಳಿಗೂ, ದುಪಟ್ಟಾಕ್ಕೂ ಇದೇ ಮಾತು. ದೂಳಿನ ಬಗ್ಗೆ ಮಾತ್ರ ಯಾರಿಗೂ ಭಯವಿಲ್ಲ, ಮರದ ದೂಳು ತಾನೇ ಎಂದು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಸುಮ್ಮನಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1990ರ ದಶಕದಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನುಣ್ಣನೆಯ ಕಣಕ್ಕೆ ಕರ್ಚೀಫ್ ಅಡ್ಡಿಯೇ ಅಲ್ಲ. ಎನ್95 ಮುಖಗವಸು ಕಣ್ಣಿನ ಕನ್ನಡಕದ ಜೊತೆಗೇ ಇರಬೇಕು, ಮತ್ತು ಕೊಳ್ಳುವ ಟ್ರಿಮ್ಮರಿಗೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸುವ ಮೂತಿ ಸಿಗುತ್ತದೆಯೇ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿಕೊಳ್ಳಬೇಕು.